ಬಾವು ಇಳಿಸುವ ಬಳೆ

ಹಸಿರು ಬಳೆ ಬೆರಳಿನ ಗೆಣ್ಣಿಗೆ ಬಂದು ನಿಂತುಬಿಟ್ಟಿತು. ಬಳೆಗಾರ್ತಿ ರಮಜಾನಬಿ ಸೋಪಿನ ನೊರೆ ಹಚ್ಚಿ, ಅಂಗೈ ಮಡಿಸಿ ಇನ್ನೊಮ್ಮೆ ಒತ್ತಿದಳು. "ಯವ್ವಾ, ಸತ್ತೆ!" ಎಂದು ಚೀರಿದಳು ಸೊರಟೂರಿನ ಕಳಕವ್ವ. ಬಳೆ ಪಟ್ಟೆಂದು ಒಡೆಯಿತು.

"ಒಡೀತಲ್ಲ ರಮಜಾನಬಿ!"

"ಹಂಗ ಅನಬಾರ್ದವ್ವ, ಹೆಚ್ಚಿತು ಅನ್ನು," ಎಂದಳು ರಮಜಾನಬಿ. ಬೆಟಗೇರಿಯಲ್ಲಿ ಅವಳಷ್ಟು ಹಗುರ ಕೈ ಯಾರದೂ ಇರಲಿಲ್ಲ. ಆದರೆ ಕೀಲುಬೇನೆಯಿಂದ ಕಳಕವ್ವನ ಬೆರಳುಗಳು ಹಸಿ ಶುಂಠಿಯ ಹಾಗೆ ಬಾತಿದ್ದವು. ಹಗುರ ಕೈ ತಾನೇ ಏನು ಮಾಡೀತು, ಪಾಪ!

"ನಾಳೆ ಬಸರಿ ಮಗಳ ಕುಬಸ. ಬರಿಗೈಲೆ ಆಕಿ ಉಡಿ ಹೆಂಗ ತುಂಬ್ಲಿ? ಬೀಗರ ಮುಂದ ಯಾವ ಮಾರಿ ಇಟ್ಕೊಂಡು ನಿಂದರ್ಲಿ?" ಕಳಕವ್ವನ ಕಣ್ಣು ತುಂಬಿದವು. ಒಳಗೆ ಕುಳಿತಿದ್ದ ರಮಜಾನಬಿಯ ಮಗಳ ಕಡೆ ತಿರುಗಿದಳು. "ಮುಮ್ತಾಜವ್ವಾ, ನೀ ಬಾವಿನ ಔಷಧ ಮಾಡ್ತಿಯಂತಲ್ಲ. ಒಂಚೂರ ಕೊಡ ನನ್ನವ್ವ."

ಸಂಶೋಧನೆಗೆಂದು ಎಂಬತ್ತೊಂದನೇ ಇಸವಿಯಲ್ಲಿ ಧಾರವಾಡ ಸೇರಿದ್ದ ಮುಮ್ತಾಜ ಹಬ್ಬಕ್ಕೆ ಮನೆಗೆ ಬಂದಿದ್ದಳು. ಹತ್ತಿರ ಬಂದು ಆ ಕೈ ನೋಡಿ, ಕೆಳಗೆ ಬಿದ್ದಿದ್ದ ಬಳೆಚೂರೊಂದನ್ನು ಎತ್ತಿಕೊಂಡು ಕುಳಿತಳು.

"ದೊಡ್ಡವ್ವ, ಪೆಪ್ಟೈಡ್ ಅಂತ ಐತಿ. ಸಣ್ಣ ಮಣಿ ಪೋಣಿಸಿದ ಗಿಡ್ಡ ಸರ ಇದ್ದಂಗ. ಮೊದಲ ಉದ್ದಕ ಸರ ಮಾಡಿದ್ನಿ. ಮೈಯಾಗ ಹೋದ ಕೂಡ್ಲೆ ತುದಿಯಿಂದ ಸವದು ಹೋತು, ಬಾವು ಇಳೀಲಿಲ್ಲ. ಆಮ್ಯಾಲೆ ಅವೇ ಮಣಿ ಇಟ್ಕೊಂಡು, ಎರಡೂ ತುದಿ ಕೂಡಿಸಿ, ಬಳಿ ಹಂಗ ದುಂಡಗ ಮಾಡಿದ್ನಿ. ಇಳೀತು."

"ಇಳೀತ? ಮತ್ತ ಕೊಡಾಕ ಏನ ಧಾಡಿ?"

"ಇಳದದ್ದು ಇಲಿ ಕಾಲಿನ ಬಾವು. ಮನಷ್ಯಾರಿಗೆ ಇನ್ನೂ ಕೊಟ್ಟಿಲ್ಲ. ಒಳಗ ಹೋಗಿ ಏನ ಮಾಡ್ತೈತೋ ನನಗೂ ಗೊತ್ತಿಲ್ಲ. ನಮ್ಮವ್ವ ಕೇಳಿದ್ರೂ ಕೊಡಾಂಗಿಲ್ಲ."

"ಅಯ್ಯ ನನ್ನ ಹಣೆಬರವ! ಇಲಿಗಿಂತಾ ಕಡೆ ಆದ್ನಲ್ಲವ್ವ!"

ಕೈಯಲ್ಲಿದ್ದ ಬಳೆಚೂರನ್ನು ತಿರುಗಿಸುತ್ತ ಕುಳಿತ ಮುಮ್ತಾಜ ತಟ್ಟನೆ ಎದ್ದು, ಗಾಜಿನ ಪೆಟ್ಟಿಗೆಯಿಂದ ಹಸಿರು ಹರಳಿನ ಹಿತ್ತಾಳೆ ಕಡಗ ತೆಗೆದಳು. ಅದು ತುದಿ ಕೂಡದ, ಬಾಯಿ ಬಿಟ್ಟ ಕಡಗ. ಬಾಯಿಯನ್ನು ಇನ್ನಷ್ಟು ಅಗಲಿಸಿ, ಗೆಣ್ಣಿನ ಗೊಡವೆಗೇ ಹೋಗದೆ, ಪಕ್ಕದಿಂದ ಮಣಿಕಟ್ಟಿಗೆ ತೊಡಿಸಿ ಮೆಲ್ಲಗೆ ಒತ್ತಿದಳು. ಇನ್ನೊಂದು ಕೈಗೂ ಹಾಗೆಯೇ. ಅಲ್ಲಿ ಔಷಧದಲ್ಲಿ ದುಂಡಗಾದದ್ದು ಗೆದ್ದಿತ್ತು, ಇಲ್ಲಿ ಬಾಯಿ ಬಿಟ್ಟದ್ದು.

"ನೋವಾತೇನ?"

"ಇಲ್ಲವ್ವ. ಗೊತ್ತ ಆಗ್ಲಿಲ್ಲ." ಕಳಕವ್ವ ಎರಡೂ ಕೈ ಬೆಳಕಿಗೆ ಹಿಡಿದು ನೋಡಿಕೊಂಡಳು. ಅಳುತ್ತಲೇ ನಕ್ಕಳು.

ಸೊರಟೂರ ಬಸ್ಸಿಗೆ ಹೊತ್ತಾಗಿತ್ತು. ಹೊಸ್ತಿಲು ದಾಟಿದವಳು ಮತ್ತೆ ತಿರುಗಿ ನಿಂತಳು.

"ಮುಮ್ತಾಜವ್ವಾ, ಇಲಿ ಹಿಂದಿನ ಪಾಳಿ ನಂದು. ನಡುವ ಯಾರನ್ನೂ ಬಿಡಬ್ಯಾಡ ಮತ್ತ!"