ಬಲಗೈಯ ಗುಂಡಿ

ಅತ್ತೆಯ ಮರಣ ಪ್ರಮಾಣಪತ್ರ ಬೇಕೆಂದು ಬಂದ ನೀಲವ್ವ, ಎಲ್ಲರಂತೆ ಕಚೇರಿಯ ಭಾವಮಾಪಕದ ಮುಂದೆ ಕುಳಿತಳು. ಎಡಗೈಗೆ ದುಃಖದ ಗುಂಡಿ, ಬಲಗೈಗೆ ಸಂತೋಷದ್ದು. ಮನಸ್ಸಿನಲ್ಲಿದ್ದದ್ದನ್ನೇ ಒತ್ತಿದರೆ ಯಂತ್ರದಿಂದ ಚೀಟಿ, ಚೀಟಿ ಇದ್ದರಷ್ಟೇ ಪತ್ರ. ಬೆನ್ನ ಹಿಂದೆ ನಾದಿನಿ ಚೆನ್ನವ್ವ ನಿಂತಿದ್ದಳು. ಹಾಗಾಗಿ ನೀಲವ್ವ ಎಡಗೈಯದನ್ನಷ್ಟೇ ಒತ್ತಿದಳು. ಬಲಗೈ ಸೆರಗಿನ ತುದಿಯನ್ನು ಹೊಸೆದದ್ದೇ ಹೊಸೆದದ್ದು.

ಮೂರನೆಯ ಸಲವೂ ಯಂತ್ರ ಚೀಟಿ ಕೊಡಲಿಲ್ಲ.

"ನಿಮ್ಮತ್ತಿ ಎಷ್ಟ ವರ್ಷ ಹಾಸಿಗಿ ಹಿಡದಿದ್ರು?" ಗುಮಾಸ್ತ ಕೇಳಿದ.

"ಹನ್ನೊಂದು. ನಾನ ನೋಡ್ಕೊಂಡೆ."

"ಹಂಗಿದ್ರ ಒಂದ ಗುಂಡಿ ಸುಳ್ಳಾಗ್ತೈತ್ರಿ ಅಕ್ಕಾರ. ಎರಡೂ ಒತ್ರಿ."

ನೀಲವ್ವ ಅಂಜುತ್ತ ಹಿಂತಿರುಗಿ ನೋಡಿದಳು. ಚೆನ್ನವ್ವ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ಒತ್ತಿಬಿಡ್ರಿ ವೈನಿ," ಎಂದಳು.

ಒತ್ತಿದಳು. ಚೀಟಿ ಬಂತು.

"ಸಾಕ್ರಿ, ಬಿಡ್ರಿ," ಎಂದ ಗುಮಾಸ್ತ. ನೀಲವ್ವ ಎಡಗೈಯಿಂದ ಸೆರಗು ಬಾಯಿಗಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಬಲಗೈ ಮಾತ್ರ ಗುಂಡಿ ಬಿಡಲೊಲ್ಲದು.