ಪ್ರಶ್ನೆ ಲೈಟ್ ಹಾಕಿದ ಮೇಲೆ

ಹೀರಾ ಹಿತ್ತಿಲಲ್ಲಿ ಕೂತು ಬಂಗಡೆ ಸೀಳುತ್ತಿದ್ದಳು. ಒಳಗೆ ಕುಕ್ಕರು ಏಳನೇ ಸಲ ಕೂಗಿತು. ಗಡಿಯಾರ ನೋಡಿ ಹತ್ತು ನಿಮಿಷಕ್ಕೆ ಆರಿಸಿ ಎಂದು ಗಂಡನಿಗೆ ಹೇಳಿಯೇ ಬಂದಿದ್ದಳು. ಮೀನಿನ ಕೈಯಲ್ಲೇ ಓಡಿದಳು.

ಮಾದೇವ ಒಲೆಯಿಂದ ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡಿದ್ದ. ಕೈಯಲ್ಲಿ ನಾಳೆ ತೋರಿಸುವ ಸಿನಿಮಾದ ಪೋಸ್ಟರು. ಹಿಮದ ಬಯಲು, ಒಂದು ಕುದುರೆ, ಇಬ್ಬರು ಹೆಂಗಸರು. ಹೀರಾ ಗ್ಯಾಸ್ ಆರಿಸಿ ಅವನ ಮುಂದೆ ಬಂದು ನಿಂತಳು.

“ಅನ್ನ ಗಂಜಿ ಆಯ್ತು.”

“ಈ ಎಡಗಡೆಯವ್ಳು ಅಕ್ಕ. ನೋಡು, ಕುದ್ರೆ ಮಾರೂಕೆ ಅವ್ಳಿಗೆ ಮನಸ್ಸಿಲ್ಲ.”

ಬೈಯಲು ಹೊರಟವಳು ಒಲೆಯ ಕಡೆ ತಿರುಗಿದಳು. ಸಾರಿನ ಹುಳಿಗೆ ಮುರುಗಲ ಸಿಪ್ಪೆ ಬೇಕಿತ್ತು. ಡಬ್ಬಿಗೆ ಕೈ ಹಾಕಿದರೆ ಸಿಪ್ಪೆಯ ಕೆಳಗೆ ಪ್ಲಾಸ್ಟಿಕ್ ಚೀಲ ಸರಸರ ಅಂದಿತು. ಅದರೊಳಗೊಂದು ಕಾಗದ. ನಾಲ್ಕು ವರ್ಷದಿಂದ ಅಲ್ಲೇ ಇದೆ. ಮಾದೇವನ ಸಹಿ ಒಂದು ಬಾಕಿ. ಅದು ಅಂಚೆಗೆ ಬಿದ್ದರೆ ಅವನ ಗುಟ್ಟು ಊರಿಗೆ ಗೊತ್ತಾಗುತ್ತದೆ. ಸ್ಟೂಲು ಹೋಗುತ್ತದೆ.

ಆ ಸ್ಟೂಲು ಇದ್ದದ್ದು ಅಂಕೋಲೆಯ ವಾಚನಾಲಯದ ಮಹಡಿಯಲ್ಲಿ. ಪ್ರತಿ ಭಾನುವಾರ ನಾಲ್ಕಕ್ಕೆ, ಬ್ಯಾಂಕಿನಿಂದ ನಿವೃತ್ತನಾದ ಗುರುಪ್ರಸಾದ ಎಲ್ಲಿಂದಲೋ ಹುಡುಕಿ ತಂದ ಸಿನಿಮಾ ತೋರಿಸುತ್ತಿದ್ದ. ಮಂಗೋಲಿಯಾ, ಸೆನೆಗಲ್, ಚಿಲಿ. ನಕಾಶೆಯಲ್ಲಿ ಬೆರಳಿಟ್ಟು ಹುಡುಕಬೇಕಾದ ದೇಶಗಳು. ಪರದೆಯ ಕೆಳಗೆ ಅನುವಾದದ ಅಕ್ಷರವಿಲ್ಲ, ಇದ್ದರೂ ಮೀನು ಮಾರಿ ನೇರ ಬಂದು ಕೂರುವ ಗಂಗಿಗೆ ಓದಲು ಬಾರದು. ಹಾಗಾಗಿ ಪರದೆಯ ಪಕ್ಕದಲ್ಲಿ ಮಾದೇವ. ಮೂವತ್ತು ವರ್ಷ ತಾಳಮದ್ದಳೆಯಲ್ಲಿ, ಕೂತಲ್ಲೇ ಮಾತು ಕಟ್ಟಿ ಅರ್ಥ ಹೇಳಿದವನು. ‘ಎದುರಿನವ್ರಿಗೆ ವಾದ ಮಾಡೂಕೇ ಬರೂದಿಲ್ಲ’ ಎಂದು ಅದನ್ನು ಬಿಟ್ಟಮೇಲೆ ಇಲ್ಲಿ ಕೂತ. ನೋಡದ ಸಿನಿಮಾ, ತಿಳಿಯದ ಭಾಷೆ, ಆ ಕ್ಷಣಕ್ಕೆ ಹುಟ್ಟಿದ ಮಾತು. ಅದೇ ಅವನ ಹೆಮ್ಮೆ. ಕಟ್ಟಳೆ ಒಂದೇ. ನಡುವೆ ಯಾರೂ ಏನೂ ಕೇಳಬಾರದು. ಪ್ರಶ್ನೆಯೆಲ್ಲ ಲೈಟ್ ಹಾಕಿದ ಮೇಲೆ.

ಕಳೆದ ವಾರ ಲೈಟ್ ಹಾಕಿದ ಮೇಲೆ ಎದ್ದವಳು ಪ್ರಣತಿ. ಕಾರವಾರದ ಕಾಲೇಜಿನಲ್ಲಿ ಪಾಠ ಮಾಡುವವಳು, ಹೊಸಬಳು.

“ಮಾದೇವಣ್ಣ, ಇದನ್ನ ನಾನು ಇಂಗ್ಲಿಷ್ ಅಕ್ಷರದ ಜೊತೆ ನೋಡಿದ್ದೆ. ಆ ಹೆಂಡ್ತಿ ಅಂದದ್ದು ‘ಚಹಾ ಆರ್ತದೆ’ ಅಂತ. ನೀವು ‘ನನ್ನ ಬಿಟ್ಟು ಹೋಗ್ಬೇಡಿ’ ಅಂದ್ರಿ.”

“ಎರಡೂ ಒಂದೇ ಅಲ್ದಾ ಅಕ್ಕೋರೆ?” ಎಂದಳು ಗಂಗಿ. “ನಿಮ್ಗೂ ಮದ್ವೆ ಆಗ್ಲಿ, ತಿಳೀತದೆ. ಆದ್ರೆ ಮಾದೇವಣ್ಣ, ಹಾಡು ಬಂದಾಗಾದ್ರೂ ಬಾಯಿ ಮುಚ್ಚು ಮಾರಾಯ.”

ಎಲ್ಲರೂ ನಕ್ಕರು. ಪ್ರಣತಿ ನಗಲಿಲ್ಲ. “ಮಾತು ಬೇರೆ, ಕತೆ ಮಾತ್ರ ಎಲ್ಲೂ ತಪ್ಪಿಲ್ಲ. ಮೊದಲೇ ನೋಡದೆ ಇಷ್ಟು ಹೇಳೂಕೆ ಯಾರಿಗೂ ಆಗೂದಿಲ್ಲ.”

ಆ ಮಾತು ವಾರವಿಡೀ ಹೀರಾಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಆಡುತ್ತಿತ್ತು.

ಭಾನುವಾರ. ಕಿಟಕಿಗಳಿಗೆ ತಾಡಪಾಲು ಕಟ್ಟಿದರು. ಪರದೆಯ ಮೇಲೆ ಹಿಮ, ಕುದುರೆ. ಎಡಗಡೆಯವಳು ಅಕ್ಕನೇ ಆಗಿದ್ದಳು. ಅರ್ಧ ಗಂಟೆ ಕಳೆದಿರಬೇಕು. ಸ್ಪೀಕರು ಗೊರ್ ಅಂದು ಸತ್ತಿತು.

“ಸೌಂಡ್ ಇಲ್ಲ!” ಅಂಚೆ ಕಚೇರಿಯ ಜಟ್ಟಿ ಮೊದಲು ಕೂಗಿದ. ಬೆಂಚು ಬಡಿದರು. ಸೀಟಿ ಹೊಡೆದರು. ಗುರುಪ್ರಸಾದ ವೈರು ತಡಕಾಡಿದ.

ಮಾದೇವ ನಿಲ್ಲಿಸಲಿಲ್ಲ. ಅಕ್ಕನ ತುಟಿ ಆಡಿದಾಗ ಆಡಿದ, ನಿಂತಾಗ ನಿಂತ. ತಂಗಿ ಅತ್ತಾಗ ಅವನೂ ದನಿ ಒಡೆದು ಅತ್ತ. ಕೂಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅವನ ಕಂಚಿನ ಕಂಠ ಒಂದೇ ಕೋಣೆ ತುಂಬಿತು.

ಹೀರಾ ಎದ್ದಳು. ಮಂಡಿಗಳನ್ನು ತಳ್ಳುತ್ತ, ಕಾಲು ತುಳಿಯುತ್ತ, ಬಾಗಿಲ ಪಕ್ಕದ ಸ್ವಿಚ್ಚಿನ ಕಡೆ ನುಗ್ಗಿದಳು. ಅಷ್ಟರಲ್ಲಿ ಜಟ್ಟಿ ಮತ್ತೆ ಕೂಗಿದ.

“ಬಾಯಿಪಾಠ! ಎಲ್ಲ ಬಾಯಿಪಾಠ ಮಾಡ್ಕಂಡು ಬಂದಾನೆ!”

ಹೀರಾ ಸ್ವಿಚ್ ಒತ್ತಿದಳು, ಲೈಟ್ ಬಂತು. ಮಾದೇವ ಕಣ್ಣು ಕಿರಿದು ಮಾಡಿ ತಿರುಗಿದ. “ಕತೆ ಮುಗ್ದಿಲ್ಲ. ಲೈಟ್ ಯಾಕೆ ಹಾಕಿದ್ರಿ?”

ಯಾರೋ ಕಿಸಕ್ಕನೆ ನಕ್ಕರು. ಪ್ರಣತಿ ಅವನ ಎದುರು ಬಂದು ನಿಂತಳು. “ಧ್ವನಿ ಹೋಗಿ ಐದು ನಿಮಿಷ ಆಯ್ತು. ಮೊದಲೇ ನೋಡಿದ್ರಿ, ಹೌದಲ್ಲ?”

ಅವನು ಅವಳ ಮುಖವನ್ನೇ ನೋಡಿದ. ಅವನ ಮುಖದ ಬಣ್ಣ ಇಳಿಯಿತು. ಸ್ಟೂಲು ಬಿಟ್ಟು ಎದ್ದ.

ಅರ್ಥ ಹೇಳುವವನಿಗೆ ಬಾಯಿಪಾಠ ಎನ್ನುವುದಕ್ಕಿಂತ ಕೀಳು ಬೈಗುಳವಿಲ್ಲ. ಗುರುಪ್ರಸಾದ ವೈರು ಸುತ್ತುತ್ತ ನೆಲ ನೋಡಿಕೊಂಡೇ ಅಂದ, “ಮುಂದಿನ ವಾರ ಅಕ್ಕೋರೇ ಹೇಳ್ಲಿ.”

ಮನೆಗೆ ಬಂದು ಹೀರಾ ಡಬ್ಬಿ ತೆಗೆದಳು. ಕಾಗದವನ್ನು ಗಂಡನ ಮಡಿಲಲ್ಲಿಟ್ಟು ಎದುರು ಕೂತಳು.

“ಇದು ಹೋದ್ರೆ ತಾಳಮದ್ದಳೆ ಯಾಕೆ ಬಿಟ್ರಿ ಅಂತ್ಲೂ ಗೊತ್ತಾಗ್ತದೆ.”

“ಆಗ್ಲಿ. ಮೋಸಗಾರ ಅನ್ನಿಸ್ಕಂಡು ಮಾತ್ರ ನಂಗೆ ಇರೂಕಾಗೂದಿಲ್ಲ. ಪೆನ್ ಕೊಡು.”

ಸೋಮವಾರ ಅಂಚೆ ಕಚೇರಿಯ ಕಿಟಕಿಯಲ್ಲಿ ಜಟ್ಟಿಯೇ ಇದ್ದ. ಹೀರಾಳನ್ನು ಕಂಡು ಲಕೋಟೆಯನ್ನೇ ತಿರುಗಿಸಿ ಮುರುಗಿಸಿ ನೋಡಿದ.

“ಅಂಟಿಸ್ಲೇ ಇಲ್ವಲ್ಲ ಹೀರಕ್ಕ?”

“ಬೇಕಂತ್ಲೇ. ನಿನ್ನೆ ಮೊದ್ಲು ಕೂಗ್ದವ ನೀನು. ಮೊದ್ಲು ಓದೂದೂ ನೀನೇ ಆಗ್ಲಿ. ಆಮೇಲೆ ಗಂಗಿಗೂ ಹೇಳು, ಅಕ್ಕೋರಿಗೂ ಹೇಳು.”

ಜಟ್ಟಿ ಓದಿದ. ಮತ್ತೊಮ್ಮೆ ಓದಿದ. ಮುಖ ಎತ್ತಲಿಲ್ಲ. ತಾನೇ ಅಂಟು ಹಚ್ಚಿದ, ತಾನೇ ಮುದ್ರೆ ಒತ್ತಿದ, ಕಾರವಾರದ ಚೀಲಕ್ಕೆ ಮೆಲ್ಲನೆ ಇಳಿಸಿದ.

ಅಂಗವಿಕಲರ ಕಚೇರಿಗೆ ಹೊರಟ ಆ ಅರ್ಜಿಯಲ್ಲಿ ಇದ್ದದ್ದು ಒಂದೇ ಸಾಲು: “ನನಗೆ ಎರಡೂ ಕಿವಿ ಕೇಳಿಸುವುದಿಲ್ಲ, ಕಿವಿಗೆ ಹಾಕುವ ಮಷೀನು ಕೊಡಿಸಬೇಕು.”