ಸದ್ದು ಮಾಡುವ ಯಂತ್ರ

“ಎಲ್ಲಕ್ಕಿಂತ ಜಾಸ್ತಿ ಸದ್ದು ಮಾಡೋದು ಯಾವುದು?”

ಡ್ಯಾರಿಲ್ ತಲೆ ಎತ್ತಿ ನೋಡಿದ. ಪರ್ತ್ ನಗರದ ಅಂಚಿನಲ್ಲಿ ಈಜುಕೊಳದ ಸಾಮಾನು ಮಾರುತ್ತಲೇ ಅವನ ಕೂದಲು ನರೆತಿತ್ತು. ಸದ್ದಿಲ್ಲದ ಯಂತ್ರ ಕೇಳುವವರನ್ನು ಕಂಡಿದ್ದ. ಸದ್ದೇ ಬೇಕೆನ್ನುವ ಗಿರಾಕಿ ಈ ಮರ್ವಿನ್ ಮುದುಕನೇ ಮೊದಲು. ಮುದುಕ ಕೊಳದ ನೀರನ್ನು ಬಾಟಲಿಯಲ್ಲಿ ತಂದು ಮೇಜಿನ ಮೇಲಿಟ್ಟಿದ್ದ. ಹಸಿರು ಪಾಚಿಯ ನೀರು. ಪರೀಕ್ಷಿಸಿದರೆ ಉಪ್ಪು ಬೇಕಾದಷ್ಟಿತ್ತು, ಕ್ಲೋರಿನ್ ಹೆಸರಿಗೂ ಇರಲಿಲ್ಲ.

ಉಪ್ಪುನೀರಿನಿಂದಲೇ ಕ್ಲೋರಿನ್ ತೆಗೆಯುವ ಯಂತ್ರ ಹಳತಾದರೆ ಹೀಗೇ, ಮೋಟಾರು ಸಮೇತ ಹೊಸದು ಹಾಕಿಸಿ ಎಂದ ಡ್ಯಾರಿಲ್. ಹಳೆಯದು ಓಡುತ್ತಿದೆಯೇ ಎಂದು ಎರಡು ಸಲ ಕೇಳಿದ, ಎರಡನೆಯ ಸಲ ಗಟ್ಟಿಯಾಗಿ.

“ಓಡದೇ ಏನು? ಪಕ್ಕದ್ಮನೆ ನೋಲೀನ್ ಪ್ರತಿ ಗುರುವಾರ ಬಂದು ಜಗಳ ಆಡ್ತಾಳಲ್ಲ. ಸದ್ದಿಗೆ ತಲೆ ಸಿಡಿಯುತ್ತಂತೆ.”

ಡ್ಯಾರಿಲ್ ನಕ್ಕ. “ಓಹೋ, ಆಯಮ್ಮನಿಗೆ ಇನ್ನಷ್ಟು ಕಾಟ ಕೊಡ್ಬೇಕಾ? ಒಳ್ಳೇ ಆಸಾಮಿ ಕಣ್ರೀ ನೀವು.”

ಮರ್ವಿನ್‌ಗೆ ಬೇಕಾದದ್ದು ಜಗಳವೇ, ಆದರೆ ಹಗೆಯಿಂದಲ್ಲ. ಹೆಂಡತಿ ಥೆಲ್ಮಾ ತೀರಿಕೊಂಡ ಮೇಲೆ ಅವನ ಮನೆಯ ಬಾಗಿಲು ಬಡಿಯುವವಳು ನೋಲೀನ್ ಒಬ್ಬಳೇ. ಅದೂ ದೂರು ಹೇಳಲು. ದೂರಾದರೇನು, ಬರಿಗೈಯಲ್ಲಿ ಹೋಗಬಾರದೆಂದು ತನ್ನ ಹಿತ್ತಲಿನ ನಿಂಬೆಹಣ್ಣಿನ ಕೇಕು ತರುತ್ತಿದ್ದಳು. ಕೇಕು ತಂದವಳಿಗೆ ಚಹಾ ಕೊಡದೆ ಕಳಿಸುವುದುಂಟೇ? ಬೈಗುಳ ಮೊದಲ ಗುಟುಕಿಗೆ ಮುಗಿಯುತ್ತಿತ್ತು. ಮಾತು ಹೊತ್ತು ಮುಳುಗಿದರೂ ಮುಗಿಯುತ್ತಿರಲಿಲ್ಲ.

ಉಳಿದ ದಿನಗಳೆಲ್ಲ ಬಿಕೋ ಎನ್ನುತ್ತಿದ್ದವು. ಕಿವಿಗೆ ಹಾಕುವ ಯಂತ್ರವನ್ನೂ ಅವನು ಡ್ರಾಯರಿಗೆ ಎಸೆದಿದ್ದ. ಖಾಲಿ ಮನೆಯಲ್ಲಿ ಕೇಳಿಸಿಕೊಳ್ಳಬೇಕಾದದ್ದು ಏನಿದೆ? ಕೊಳದಲ್ಲಿ ಈಜುತ್ತಿದ್ದವಳು ಥೆಲ್ಮಾ. ಅವಳು ಹೋದ ಮೇಲೆ, ಬಾಟಲಿಗೆ ನೀರು ತುಂಬಿಕೊಂಡದ್ದು ಬಿಟ್ಟರೆ, ಅತ್ತ ಕಾಲಿಡಲು ಅವನಿಗೆ ಮನಸ್ಸೇ ಬಂದಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಯಂತ್ರದ ಕೆಂಪು ದೀಪ ಕಂಡರೆ ಸಾಕು, ಅದು ಓಡುತ್ತಿದೆ ಎಂದುಕೊಂಡಿದ್ದ. ಈಗ ಹೊಸ ಯಂತ್ರ ಬಂದು ಸುಮ್ಮನೆ ಕೂತರೆ ನೋಲೀನ್ ಯಾಕೆ ಬಂದಾಳು?

ಡ್ಯಾರಿಲ್ ಒಂದು ಯಂತ್ರವನ್ನು ಬಾಯ್ತುಂಬ ಹೊಗಳಿದ. ಪಕ್ಕದಲ್ಲೇ ಮಲಗಿದರೂ ಗೊತ್ತಾಗದಂತೆ, ಅಷ್ಟು ಮೆತ್ತಗಂತೆ. ಮೂಲೆಯಲ್ಲಿ ಧೂಳು ಹಿಡಿದದ್ದು ಇನ್ನೊಂದು. ಗಿರಣಿಯ ಹಾಗೆ ಅರಚುತ್ತದೆಂದು ಯಾರೂ ಮುಟ್ಟಿರಲಿಲ್ಲ. ಮರ್ವಿನ್ ಮೂಲೆಗೆ ಬೆರಳು ತೋರಿಸಿದ.

ಗುರುವಾರ ಮಧ್ಯಾಹ್ನ ಡ್ಯಾರಿಲ್ ಬಂದ. ಮುದುಕ ಕೊನೇ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿಯಾನೆಂದು ಎರಡನ್ನೂ ವ್ಯಾನಿಗೆ ಹಾಕಿಕೊಂಡೇ ಬಂದಿದ್ದ. ಅವನು ಹಿತ್ತಲಿಗೆ ಹೋಗುತ್ತಿದ್ದಂತೆ ಮುಂಬಾಗಿಲ ಜಾಲರಿ ದಡದಡನೆ ಅದುರಿತು. ಕೈಯಲ್ಲಿ ತಟ್ಟೆ ಹಿಡಿದು ನೋಲೀನ್ ನಿಂತಿದ್ದಳು.

“ಬೆಳಗ್ಗಿಂದ ಒಂದೇ ಸಮ ಬಡ್ಕೊಳ್ತಿದೆ ನಿನ್ನ ಯಂತ್ರ,” ಎಂದು ಅವನ ಕಿವಿಯ ಹತ್ತಿರವೇ ಕೂಗಿದಳು. “ನಾವು ಬಾಳೋದು ಬೇಡ್ವಾ ಮರ್ವಿನ್?”

ಅವನು ತಪ್ಪಾಯಿತೆಂದ. ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ, ಚಹಾಕ್ಕೆ ನೀರಿಟ್ಟು ಹಿತ್ತಲಿಗೆ ನಡೆದ. ಹಳೆಯದನ್ನು ಮೊದಲು ನಿಲ್ಲಿಸು, ಮನೆಗೆ ಜನ ಬಂದಿದ್ದಾರೆ ಎಂದು ಡ್ಯಾರಿಲ್‌ಗೆ ಹೇಳಿದ.

ಡ್ಯಾರಿಲ್ ಮುಚ್ಚಳ ತೆಗೆದು ಮಂಡಿಯೂರಿ ಕೂತಿದ್ದ. ಒಳಗೆ ಟಾರ್ಚು ಬಿಟ್ಟ. ಮೋಟಾರು ಕರಕಲಾಗಿತ್ತು. ಫ್ಯಾನಿನ ರೆಕ್ಕೆಗಳ ನಡುವೆ ದಟ್ಟ ಬಲೆ, ಬಲೆಯ ತುಂಬ ಮೊಟ್ಟೆಯ ಉಂಡೆಗಳು. ಬೆನ್ನ ಮೇಲೆ ಕೆಂಪು ಗೆರೆಯಿದ್ದ ಜೇಡವೊಂದು ಅಲ್ಲಿ ಹಾಯಾಗಿ ಸಂಸಾರ ಹೂಡಿತ್ತು. ಮೇಲೆ ದೀಪ ಮಾತ್ರ ಉರಿಯುತ್ತಿತ್ತು.

“ನಿಲ್ಲಿಸೋದೇನು ಬಂತು?” ಡ್ಯಾರಿಲ್ ಅವನ ಕಿವಿಯ ಹತ್ತಿರ ಬಂದು ಹೇಳಿದ. “ಇದು ಹೋದ ಕ್ರಿಸ್‌ಮಸ್‌ಗೂ ಎಷ್ಟೋ ಮುಂಚೇನೇ ಸುಟ್ಟುಹೋಗಿದೆ. ಆಮೇಲೆ ಒಂದು ಸುತ್ತೂ ತಿರುಗಿಲ್ಲ.”

ಮರ್ವಿನ್ ಕಿಟಕಿಯತ್ತ ನೋಡಿದ. ಒಳಗೆ ನೋಲೀನ್ ಎರಡು ಕಪ್ ಜೋಡಿಸಿ, ಕೇಕಿನ ದೊಡ್ಡ ತುಂಡನ್ನು ಅವನ ತಟ್ಟೆಗಿಟ್ಟು, ಕೆಟಲಿನ ಹೊಳಪಿನಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

“ಡ್ಯಾರಿಲ್, ಸದ್ದಿಲ್ಲದ್ದನ್ನೇ ಹಾಕಿಬಿಡಪ್ಪ,” ಎಂದ.